ಕಲ್ಲು ನೋಡೋಕೆ ರಾತ್ರಿ ಬನ್ನಿ

ಮೊದಲೇ ಹೇಳಿಬಿಡುತ್ತೇನೆ. ಗುಳೇದಗುಡ್ಡದ ಕಡೆ ಇರುವ ನಮ್ಮ ಹಳೇ ಕಲ್ಲುಗಳ ಮ್ಯೂಸಿಯಂ ಸಂಜೆ ಆರೂವರೆಗೆ ತೆರೆಯುತ್ತದೆ, ರಾತ್ರಿ ಒಂಬತ್ತೂವರೆಗೆ ಮುಚ್ಚುತ್ತದೆ. ಹಗಲು ಬಂದರೆ ಬೀಗ. ಇದನ್ನು ಕೇಳಿ ನಕ್ಕವರು ಎಷ್ಟು ಜನ ಅಂತ ಲೆಕ್ಕ ಇಟ್ಟಿಲ್ಲ. ನಮ್ಮ ಹಾಗೇ ಕಲ್ಲು ಕೂಡಿಸುವ ಬೆಳಗಾವಿಯ ಗೆಳೆಯರೊಬ್ಬರು ಫೋನ್ ಮಾಡಿ, "ಏನ್ರೀ ಸಾಹುಕಾರ್ರ, ಮ್ಯೂಸಿಯಂ ತೆಗಿಯಾಕತ್ತೀರೋ, ಬಯಲಾಟ ಆಡಸ್ತೀರೋ?" ಎಂದಿದ್ದರು. ಈಗ ಅವರೇ ತಮ್ಮ ಹಿತ್ತಲಿಗೆ ಎಂಥ ದೀಪ ಹಾಕಲಿ ಅಂತ ಕೇಳುತ್ತಿದ್ದಾರೆ. ಕಲ್ಲು ಕೂಡಿಸುವ ನಿಮಗೆಲ್ಲ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನನಗೆ ಕಲ್ಲಿನ ಹುಚ್ಚು ಹಿಡಿದದ್ದು ಟ್ರ್ಯಾಕ್ಟರಿನಿಂದ. ಆಲಮಟ್ಟಿ ಹಿನ್ನೀರಿಗೆ ಊರುಗಳು ಮುಳುಗುತ್ತಿದ್ದ ಕಾಲ ಅದು. ಹಳೇ ಬಾಗಲಕೋಟೆಯವರು ನವನಗರಕ್ಕೆ ಹೊರಟಿದ್ದರು, ಹಳ್ಳಿಯವರು ಪುನರ್ವಸತಿ ಕೇಂದ್ರಗಳಿಗೆ. ನನ್ನ ಹತ್ತಿರ ಎರಡು ಟ್ರ್ಯಾಕ್ಟರ್ ಇದ್ದವು. ಸಾಮಾನು ಸಾಗಿಸುವ ಬಾಡಿಗೆ ಚೆನ್ನಾಗಿ ಸಿಗುತ್ತಿತ್ತು. ಜನ ತೊಲೆ, ಜಂತಿ, ಬಾಗಿಲ ಚೌಕಟ್ಟು ಎಲ್ಲ ಬಿಚ್ಚಿಕೊಂಡು ಹೇರುತ್ತಿದ್ದರು. ಒಳಕಲ್ಲು, ಬೀಸುಕಲ್ಲು, ಕಾಳು ತುಂಬಿಡುವ ಹಗೇವಿನ ಮುಚ್ಚಳದ ಕಲ್ಲು ಮಾತ್ರ ಅಲ್ಲೇ ಬಿಡುತ್ತಿದ್ದರು. ಹೊಸ ಮನೆಯಲ್ಲಿ ಮಿಕ್ಸರ್ ಇರುತ್ತದೆ, ಇದನ್ನು ಹೊತ್ತುಕೊಂಡು ಹೋಗಿ ಏನು ಮಾಡೋದು ಅಂತ. ಒಂದು ಮನೆಯಲ್ಲಿ ಬಚ್ಚಲಿಗೆ ಹಾಸಿದ್ದ ಕಲ್ಲನ್ನು ಹಾರೆ ಹಾಕಿ ಮಗುಚಿದೆವು. ಕೆಳಮುಖದಲ್ಲಿ ಮೂರು ಅಂತಸ್ತಿನ ವೀರಗಲ್ಲು! ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಹೊತ್ತೊಯ್ಯೋದು, ಮೇಲೆ ಲಿಂಗ, ಎರಡೂ ಬದಿಗೆ ಸೂರ್ಯ ಚಂದ್ರ. ಎಷ್ಟು ತಲೆಮಾರು ಅದರ ಬೆನ್ನ ಮೇಲೆ ನೀರು ಹೊಯ್ದುಕೊಂಡಿತ್ತೋ. ಮನೆಯ ಯಜಮಾನ, "ಒಯ್ಯಿರಿ ಅಣ್ಣಾರ, ನೀರಾಗ ಮುಳುಗೂದಕ್ಕಿಂತ ನಿಮ್ಮ ಹಿತ್ತಲದಾಗ ಇರಲಿ" ಎಂದ. ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆ. ಆ ಹಾಳೆ ಇಂದಿಗೂ ನನ್ನ ಕಡತದಲ್ಲಿ ಮೊದಲನೆಯದು.

ಕಾನೂನು ನಿಮಗೆ ಗೊತ್ತಿದ್ದದ್ದೇ. ನೂರು ವರ್ಷ ದಾಟಿದ ಶಿಲ್ಪಕ್ಕೆ 1972ರ ಕಾಯ್ದೆಯಡಿ ನೋಂದಣಿ ಬೇಕು. ನೆಲದಡಿ ಸಿಕ್ಕಿದ್ದಕ್ಕೆ ನಿಧಿ ಕಾಯ್ದೆ ಇದೆ, ನಮ್ಮ ರಾಜ್ಯದ್ದು 1962ರದು. 1878ರ ಹಳೇ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದಾದರೆ ಸರ್ಕಾರಕ್ಕೆ ತಿಳಿಸಬೇಕು ಅಂತಿತ್ತು. ಹತ್ತು ರೂಪಾಯಿ! ಈಗ ಆ ದುಡ್ಡಿಗೆ ಎರಡು ಮಿರ್ಚಿ ಭಜಿ ಬಂದರೆ ಪುಣ್ಯ. ನಾನು ಗುಡಿಯ ಕಲ್ಲು ಮುಟ್ಟಿಲ್ಲ, ಹೊಲದಲ್ಲಿ ಅಗೆದದ್ದು ಕೊಂಡಿಲ್ಲ. ಒಂದು ರಾತ್ರಿ ಇಬ್ಬರು ಟಂಟಂ ಗಾಡಿಯಲ್ಲಿ ಕಣಕಿ ಮುಚ್ಚಿಕೊಂಡು ನಂದಿ ತಂದಿದ್ದರು. ಚಹಾ ಕೂಡ ಕೊಡದೆ ವಾಪಸ್ ಕಳಿಸಿದೆ. ನೋಂದಣಿಗೆ ಓಡಾಡಿದ್ದನ್ನು ಬರೆದರೆ ಅದೇ ಒಂದು ಪುರಾಣ ಆಗುತ್ತದೆ. ಒಂದು ಕಚೇರಿಯಲ್ಲಿ ನನ್ನ ಫೈಲು ಎರಡು ವರ್ಷ ಮಲಗಿತ್ತು. ಅಂತೂ 31 ಕಲ್ಲಿಗೆ ಪ್ರಮಾಣಪತ್ರ ಆಯಿತು. ಉಳಿದ 180ರಷ್ಟು ಮನೆಬಳಕೆಯ ಕಲ್ಲುಗಳು.

ಆ ಮನೆಬಳಕೆಯವನ್ನೂ ಇಡಬಹುದು ಅನ್ನೋ ಧೈರ್ಯ ಬಂದದ್ದು ಪುಣೆಯಲ್ಲಿ. ಮಗಳ ಮನೆಗೆ ಹೋದಾಗ ಕೇಳ್ಕರ್ ಮ್ಯೂಸಿಯಂ ನೋಡಿದೆ. ದಿನಕರ ಕೇಳ್ಕರ್ ಒಬ್ಬರೇ ಜೀವಮಾನವೆಲ್ಲ ಕೂಡಿಸಿದ್ದು. ತೀರಿಕೊಂಡ ಮಗ ರಾಜಾನ ಹೆಸರಿಟ್ಟು ಸರ್ಕಾರಕ್ಕೆ ಕೊಟ್ಟುಬಿಟ್ಟರು. ಅಲ್ಲಿ ದೀಪ, ಅಡಕೊತ್ತು ಇಂಥವನ್ನೆಲ್ಲ ಜನ ಗಾಜಿಗೆ ಮೂಗು ಹಚ್ಚಿ ನೋಡುತ್ತಿದ್ದರು. ಅಡಕೊತ್ತಿಗೆ ಆ ಮರ್ಯಾದೆ ಆದರೆ ನಮ್ಮ ಒಳಕಲ್ಲಿಗೆ ಯಾಕಿಲ್ಲ? ಬಸ್ಸಿನಲ್ಲಿ ಬರುವಾಗಲೇ ಟ್ರಸ್ಟ್ ಮಾಡಿ ಮ್ಯೂಸಿಯಂ ತೆರೆಯೋದು ಅಂತ ತೀರ್ಮಾನ ಮಾಡಿದೆ. ಮಕ್ಕಳಿಬ್ಬರೂ ಸಹಿ ಹಾಕಿದರು. ದೊಡ್ಡವನು ಹಾಕುವ ಮೊದಲು ಒಂದು ವಾರ ಮಾತಾಡಲಿಲ್ಲ. ನೋಂದಣಿಯಾದ ಕಲ್ಲುಗಳ ಒಡೆತನ ಬದಲಾದದ್ದನ್ನು ಅಧಿಕಾರಿಗೆ ತಿಳಿಸಬೇಕು, ಅದನ್ನು ಮರೆಯಬೇಡಿ.

ಗುಳೇದಗುಡ್ಡದ ಕಡೆ ರಸ್ತೆಗೆ ಹತ್ತಿಕೊಂಡು ನಮ್ಮದು 20 ಗುಂಟೆ ಹೊಲ ಇತ್ತು. ತಂತಿ ಬೇಲಿ, ತಗಡಿನ ಶೆಡ್ಡು, ಒಂದು ಶೌಚಾಲಯ. ನೆನಪಿನ ಮೇಲೆ ಹೇಳೋದಾದರೆ ಆರೂವರೆ ಲಕ್ಷ. ಎರಡನೇ ಟ್ರ್ಯಾಕ್ಟರ್ ಅದರಲ್ಲೇ ಹೋಯಿತು. ಮನೆಯವಳು ಒಂದೇ ಮಾತು ಕೇಳಿದಳು: "ಟ್ರ್ಯಾಕ್ಟರ್ ಮಾರಿ ಕಲ್ಲು ಇಟಗೊಂಡವರು ಬ್ಯಾರೆ ಯಾರರ ಅದಾರೇನು?"

ಎತ್ತೋದು ಇಳಿಸೋದು ನಿಮಗೆ ಹೇಳಬೇಕಿಲ್ಲ. ತ್ರಿಪಾದಿ, ಚೈನ್ ಪುಲ್ಲಿ, ಗೋಣಿಚೀಲ, ಹಳೇ ಟೈರು. ತೂಕದ ಅಂದಾಜು ಮಾತ್ರ ತಪ್ಪಬೇಡಿ. ಒಂದು ಘನ ಅಡಿಗೆ ಬಾದಾಮಿ ಮರಳುಗಲ್ಲು 65 ಕೆಜಿ ಆಸುಪಾಸು. ಇಳಕಲ್ ಕೆಂಪುಕಲ್ಲು 75. ವಿಜಯಪುರದ ಕಡೆಯ ಕರಿಕಲ್ಲು 80 ದಾಟುತ್ತದೆ. ಐದು ಅಡಿ ಎತ್ತರ, ಎರಡೂವರೆ ಅಗಲ, ಮುಕ್ಕಾಲು ಅಡಿ ದಪ್ಪದ ವೀರಗಲ್ಲು ಅಂದರೆ ಆರು ಕ್ವಿಂಟಲ್. ಮರಳುಗಲ್ಲಿನ ಲೆಕ್ಕದಲ್ಲಿ ಕರಿಕಲ್ಲು ಎತ್ತಲು ಹೋಗಿ ಒಂದು ಸಲ ಕೊಕ್ಕೆ ನೆಟ್ಟಗಾಯಿತು. ಯಾರ ಕಾಲೂ ಕೆಳಗಿರಲಿಲ್ಲ, ದೇವರು ದೊಡ್ಡವನು.

ಮೊದಲ ದೊಡ್ಡ ತಪ್ಪು ಸಿಮೆಂಟು. ಗಟ್ಟಿಯಾಗಿ ನಿಲ್ಲಲಿ ಅಂತ 40 ಕಲ್ಲನ್ನು ಕಾಂಕ್ರೀಟಿನಲ್ಲಿ ಹೂತೆ. ಎರಡನೇ ಚಳಿಗಾಲಕ್ಕೆ ಮರಳುಗಲ್ಲುಗಳ ಬುಡ ಬೆಳ್ಳಗಾಯಿತು. ಬೆರಳಿಂದ ಸವರಿದರೆ ಜೋಳದ ಹಿಟ್ಟಿನ ಹಾಗೆ ಉದುರುತ್ತದೆ! ಸಿಮೆಂಟಿನ ಉಪ್ಪು ನೀರಿನ ಜೊತೆ ಕಲ್ಲಿಗೆ ಏರಿ, ಒಣಗುವಾಗ ಒಳಗೇ ಹರಳುಗಟ್ಟಿ ಪದರ ಒಡೆಯುತ್ತಿತ್ತು. ಒಬ್ಬ ವೀರನ ಎರಡೂ ಪಾದ ಹಾಗೇ ಹೋದವು. ಅವನ ಮುಂದೆ ನಿಂತಾಗ ಈಗಲೂ ನನಗೆ ನಾಚಿಕೆಯಾಗುತ್ತದೆ. ಕಲ್ಲುಕುಟಿಗ ಅಜ್ಜ ಒಬ್ಬರು ಮೂರು ತಿಂಗಳು ಕೂತು ಚಾಣದಿಂದ ಆ ಕಾಂಕ್ರೀಟು ಬಿಡಿಸಿದರು. ಕೂಲಿಯೇ 70 ಸಾವಿರ ದಾಟಿತು. ಈಗ ಕೆಳಗೆ ಜಲ್ಲಿ, ಅದರ ಮೇಲೆ ಇಳಕಲ್ ಗ್ರಾನೈಟಿನ ಚಪ್ಪಡಿ, ಸುತ್ತ ಸುಣ್ಣದ ಗಾರೆ. ಒಳಗೆ ಏರಿದ್ದ ಉಪ್ಪನ್ನು ತೆಗೆಯೋದು ಸುಲಭ, ತಾಳ್ಮೆ ಬೇಕು ಅಷ್ಟೇ. ಹಳೇ ಪೇಪರ್ ನೆನೆಸಿ, ಕುಟ್ಟಿ, ಮುಲ್ತಾನಿ ಮಿಟ್ಟಿ ಕಲಸಿ ಮೆತ್ತಿ. ಒಣಗಿ ತಾನೇ ಬಿರಿದಾಗ ತೆಗೆಯಿರಿ. ಬೋರ್‌ವೆಲ್ ನೀರಲ್ಲಿ ಕಲಸಬೇಡಿ, ಅದರಲ್ಲೇ ಉಪ್ಪಿರುತ್ತದೆ. ನಾನು ಮಳೆನೀರು ಹಿಡಿದಿಟ್ಟುಕೊಳ್ಳುತ್ತೇನೆ. ಐದಾರು ಸಲ ಮೆತ್ತಬೇಕಾಯಿತು.

ಎರಡನೆಯದು ಆಸಿಡ್. ಗ್ರಾನೈಟ್ ಪಾಲಿಶ್ ಮಾಡುವ ಹುಡುಗನೊಬ್ಬ ಸುಣ್ಣದ ಕಲೆ ಐದು ನಿಮಿಷದಲ್ಲಿ ತೆಗೆಯುತ್ತೇನೆ ಅಂದ. ನಾಗರಕಲ್ಲೊಂದನ್ನು ತೋರಿಸಿದೆ. ಅದು ನಮ್ಮ ಬಾಗಲಕೋಟೆಯ ಸುಣ್ಣದಕಲ್ಲು ಅನ್ನೋದು ಇಬ್ಬರಿಗೂ ಹೊಳೆಯಲಿಲ್ಲ. ಆಸಿಡ್ ಬಿದ್ದ ತಕ್ಷಣ ಹೆಡೆ ಬುಸ್ ಅಂತು. ಹುಡುಗ ಬಕೆಟ್ ಬಿಟ್ಟು ಓಡಿದ. ನಗಬೇಡಿ, ನಾನೂ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ನೀರು ಸುರಿದು ಉಳಿಸಿಕೊಂಡೆವು, ಆದರೆ ಹೆಡೆಯ ಗೆರೆ ಮೊಂಡಾಯಿತು. ಆಯಿಲ್ ಪೇಂಟ್ ಬಳಿದ ಕಲ್ಲಿಗೆ ನನ್ನದೇ ಒಂದು ಪಾಕ ಇದೆ, ಆಸಿಡ್ ಅಲ್ಲ. ಅದನ್ನು ಇಲ್ಲಿ ಬರೆಯೋದಿಲ್ಲ. ಬರೆದರೆ ನಾಳೆ ಯಾರೋ ಗುಡಿಯ ಮೂರ್ತಿಗೆ ಹಚ್ಚುತ್ತಾರೆ.

ಉದ್ಘಾಟನೆಗೆ 300 ಕುರ್ಚಿ ಬಾಡಿಗೆ ತಂದಿದ್ದೆ. 40 ಜನ ಬಂದರು, ಅದರಲ್ಲಿ ಅರ್ಧ ನಮ್ಮ ಬೀಗರು. ಆಮೇಲೆ ತಿಂಗಳಿಗೆ 25–30 ಟಿಕೆಟ್. ಬಂದವರು ಹತ್ತು ನಿಮಿಷಕ್ಕೆ ಹೊರಗೆ. ತಪ್ಪು ಅವರದ್ದಲ್ಲ. ಬೆಳಿಗ್ಗೆ ಬಾದಾಮಿಯ ಮೂರನೇ ಗುಹೆ ನೋಡಿ ಬಂದವರು ಅವರು. 578ರಲ್ಲಿ ಚಾಲುಕ್ಯರ ಮಂಗಳೇಶ ಮುಗಿಸಿದ ಆ ವಿಷ್ಣು, ಆ ನರಸಿಂಹ ನೋಡಿದ ಕಣ್ಣಿಗೆ ನನ್ನ ಸವೆದ ಕಲ್ಲು ಏನು ಕಾಣಬೇಕು? ಮಟಮಟ ಮಧ್ಯಾಹ್ನ ನೋಡಿದರೆ ನನಗೂ ಕಾಣುತ್ತಿರಲಿಲ್ಲ. ಶೆಡ್ಡಿನ ಮೇಲಿಂದ ದೊಡ್ಡ ಬಿಳಿ ಲೈಟು ಬಿಟ್ಟು ನೋಡಿದೆ. ಇನ್ನೂ ಸಪ್ಪೆ. 22 ಸಾವಿರ ನೀರಿಗೆ ಹಾಕಿದ ಹಾಗೆ.

ದಾರಿ ತೋರಿಸಿದ್ದು ಚೇಳು. ಬೇಸಿಗೆ, ಕರೆಂಟ್ ಇರಲಿಲ್ಲ. ಹಿತ್ತಲಲ್ಲಿ ಚೇಳು ಕಂಡಿತು ಅಂತ ಮನೆಯವಳು ಕೂಗಿದಳು. ಬ್ಯಾಟರಿ ಹಿಡಿದು ಕುಕ್ಕರಗಾಲಲ್ಲಿ ಕೂತು ಕಲ್ಲಿನ ಸಂದಿಯಲ್ಲಿ ಹುಡುಕುತ್ತಿದ್ದೆ. ಬೆಳಕು ಪಕ್ಕದ ಕಲ್ಲನ್ನು ಸವರಿಕೊಂಡು ಹೋಯಿತು. ಒಂಬತ್ತು ವರ್ಷದಿಂದ ನಮ್ಮ ಮನೆಯಲ್ಲಿದ್ದ ಕಲ್ಲು. ಏನೂ ಉಳಿದಿಲ್ಲ ಅಂತ ಮ್ಯೂಸಿಯಂಗೂ ಒಯ್ಯದೆ ಬಟ್ಟೆ ಒಗೆಯಲು ಬಿಟ್ಟಿದ್ದೆವು. ಈಗ ಅದರಲ್ಲಿ ನಾಲ್ಕು ಕಾಲು. ಮೇಲೆ ಕೋಡು. ಒಂದಲ್ಲ, ಮೂರು ಆಕಳು. ಹಿಂದೆ ಬಿಲ್ಲು ಎಳೆದು ನಿಂತವನು. ತುರುಗೋಳಿನ ವೀರಗಲ್ಲು! ದನ ಹೊಡೆದುಕೊಂಡು ಹೋಗುವವರಿಗೆ ಅಡ್ಡ ನಿಂತು ಸತ್ತವನದು. ಬ್ಯಾಟರಿ ಎದುರಿಗೆ ಹಿಡಿದೆ, ಎಲ್ಲ ಮಾಯ. ಮತ್ತೆ ಪಕ್ಕಕ್ಕೆ ಇಳಿಸಿದೆ, ಆಕಳು ಬಂದವು. ಹೆಂಡತಿ ಒಳಗಿನಿಂದ "ಸಿಕ್ತೇನ್ರೀ?" ಅಂದಳು. "ಸಿಕ್ತು" ಅಂದೆ. ಚೇಳು ಏನಾಯಿತೋ ಗೊತ್ತಿಲ್ಲ.

ಓರೆ ಬೆಳಕಿನ ವಿಷಯ ಶಾಸನ ಓದುವವರಿಗೆ ಹೊಸದಲ್ಲ, ಒಪ್ಪುತ್ತೇನೆ. ಆದರೆ ಇಡೀ ಮ್ಯೂಸಿಯಂ ಅದರ ಮೇಲೆ ನಿಲ್ಲಿಸಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ. ನಿವೃತ್ತ ಪ್ರಾಧ್ಯಾಪಕರೊಬ್ಬರು, "ಇದು ನಾಟಕದ ಚಮತ್ಕಾರ, ಸಂಗ್ರಹಾಲಯಕ್ಕೆ ಸಮ ಬೆಳಕು ಬೇಕು" ಎಂದರು. ನಾನು ಬನಶಂಕರಿ ಜಾತ್ರೆಯಲ್ಲಿ ರಾತ್ರಿಯೆಲ್ಲ ನಾಟಕ ನೋಡಿ ಬೆಳೆದವನು. ಅದು ಬೈಗುಳ ಅಂತ ನನಗೆ ಅನ್ನಿಸಲೇ ಇಲ್ಲ.

ಐದು ವಾಟಿನ ಎಲ್‌ಇಡಿ 46 ತಂದೆ. ದೀಪ ಹಾಕಿದ ಪ್ರತಿ ಕಲ್ಲಿಗೂ ಒಂದು ಬದಿಯಿಂದ ಮಾತ್ರ. ಎರಡೂ ಬದಿಯಿಂದ ಹಾಕಿದರೆ ನೆರಳು ನೆರಳನ್ನು ತಿಂದುಬಿಡುತ್ತದೆ. ಬಿಳಿ ಬೆಳಕಲ್ಲ, ಸ್ವಲ್ಪ ಹಳದಿ. ಕಲ್ಲಿನಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಅನ್ನೋದು ನಾನು ಒಂದು ವರ್ಷ ಒದ್ದಾಡಿ ಕಂಡುಕೊಂಡದ್ದು. ಅದನ್ನು ಬಂದು ನೋಡಿ. ಅಳತೆ ಟೇಪು ಮಾತ್ರ ತರಬೇಡಿ.

ಹಿನ್ನೆಲೆಗೆ ಮೊದಲು ಗುಳೇದಗುಡ್ಡದ ಖಣದ ಬಟ್ಟೆ ಕಟ್ಟಿದೆ. ನಮ್ಮೂರ ಕಸುಬು, ಚಂದ ಕಾಣುತ್ತದೆ ಅಂತ. ಬಂದ ಹೆಂಗಸರೆಲ್ಲ ಕಲ್ಲು ಬಿಟ್ಟು ಖಣ ಮುಟ್ಟಿ ನೋಡಿ, ಎಲ್ಲಿ ಸಿಗುತ್ತದೆ ಅಂತ ಕೇಳಿದರು! ಆಮೇಲೆ ಕರಿ ಕಂಬಳಿ ಕಟ್ಟಿದೆ. ಕಂಬಳಿ ಬೆಳಕನ್ನು ನುಂಗುತ್ತದೆ, ಕಲ್ಲೊಂದೇ ಕಾಣುತ್ತದೆ. ಜಾತ್ರೆಯಲ್ಲಿ ಚೌಕಾಸಿ ಮಾಡಿ 14 ಕಂಬಳಿ ತಂದೆ. ನುಸಿ ಹಿಡಿಯುತ್ತದೆ, ಬೇವಿನ ಸೊಪ್ಪು ಸಿಕ್ಕಿಸಿ. ಮಕ್ಕಳಿಂದ ಕಾಗದ ಇಟ್ಟು ಮೇಣದ ಬಣ್ಣ ಉಜ್ಜಿಸಿ ಅಚ್ಚು ತೆಗೆಸುವ ಪ್ರಯೋಗವನ್ನೂ ಮಾಡಿದೆ. ಕಾಗದ ಹರಿದು, ಸತಿ ಹೋದವಳ ನೆನಪಿನ ಒಂದು ಮಾಸ್ತಿಗಲ್ಲಿನ ಬಳೆ ತೊಟ್ಟ ಕೈಗೆ ನೀಲಿ ಬಣ್ಣ ಹತ್ತಿತು. ಅಲ್ಲಿಗೆ ಆ ಪ್ರಯೋಗ ಬಂದ್.

ಸಂಜೆಯ ವ್ಯಾಪಾರದ ಲೆಕ್ಕ ಹೊಳೆದದ್ದು ಬಾದಾಮಿಯ ಲಾಡ್ಜ್ ಒಂದರ ಹುಡುಗನಿಂದ. ಗುಹೆ, ಪಟ್ಟದಕಲ್ಲು, ಐಹೊಳೆ ಎಲ್ಲ ಹೊತ್ತು ಮುಳುಗುವಾಗ ಮುಚ್ಚುತ್ತವೆ. ಆಮೇಲೆ ಪ್ರವಾಸಿಗರಿಗೆ ಕೆಲಸವಿಲ್ಲ, ಮೊಬೈಲ್ ಒತ್ತುತ್ತಾ ಕೂರುತ್ತಾರೆ. ನಮ್ಮಲ್ಲಿಗೆ ಅಲ್ಲಿಂದ ಅರ್ಧ ಗಂಟೆ ದಾರಿ. ಲಾಡ್ಜ್‌ಗಳಲ್ಲಿ ಚೀಟಿ ಇಟ್ಟೆ, ಟಂಟಂನವರಿಗೆ ಒಂದು ಟ್ರಿಪ್ಪಿಗೆ 50 ರೂಪಾಯಿ ಗೊತ್ತುಮಾಡಿದೆ. ಮೊದಲ ಡಿಸೆಂಬರಿನಲ್ಲೇ 400ರ ಮೇಲೆ ಟಿಕೆಟ್ ಹರಿದವು. ಈಗ ಸೀಸನ್ನಿನಲ್ಲಿ ತಿಂಗಳಿಗೆ ಸಾವಿರದ ಹತ್ತಿರ. ಟಿಕೆಟ್ 30, ಶಾಲೆ ಮಕ್ಕಳಿಗೆ 5. ಕರೆಂಟ್ ಬಿಲ್ಲು 700 ದಾಟಿಲ್ಲ. ಕಾವಲುಗಾರನ ಪಗಾರ ಹುಟ್ಟುತ್ತದೆ, ನನ್ನ ಟ್ರ್ಯಾಕ್ಟರ್ ಇನ್ನೂ ಹುಟ್ಟಿಲ್ಲ.

ಮಕ್ಕಳಿಗೆ ದೀಪ ಆರಿಸಿ ಕೈಗೆ ಒಂದೊಂದು ಬ್ಯಾಟರಿ ಕೊಡುತ್ತೇವೆ. ಯಾವ ಕಲ್ಲಲ್ಲಿ ಏನಿದೆ ಅಂತ ಹೇಳೋದಿಲ್ಲ. "ಅಜ್ಜಾ, ಇಲ್ಲಿ ಕುದುರಿ ಐತಿ!" ಅಂತ ಒಬ್ಬ ಕೂಗಿದರೆ ಎಲ್ಲರೂ ಅಲ್ಲಿಗೆ. ಹೋದ ವರ್ಷ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ವೀರನ ಸೊಂಟದಲ್ಲಿ ಚೂರಿ ತೋರಿಸಿದಳು. ಇಪ್ಪತ್ತು ವರ್ಷ ನೋಡಿದ ನನಗೇ ಕಂಡಿರಲಿಲ್ಲ. ಹರೆಯದ ಹುಡುಗರಿಗೆ ಬಾಗಿಲಲ್ಲೇ ಸಂಗ್ರಾಣಿ ಕಲ್ಲು ಇಟ್ಟಿದ್ದೇನೆ. ಎತ್ತಿದವರಿಗೆ ಟಿಕೆಟ್ ಬಿಟ್ಟಿ. ಈವರೆಗೆ ಬಿಟ್ಟಿ ಹೋದವರು ಆರೇ ಜನ.

ಒಂದು ತೊಂದರೆ ನಿಮಗೂ ಬರುತ್ತದೆ. ಕಲ್ಲು ನಿಲ್ಲಿಸಿದರೆ ಪೂಜೆ ಶುರು. ಎಣ್ಣೆ, ಕುಂಕುಮ, ಕಾಯಿ. ಬೋರ್ಡು ಹಾಕಿದೆ, ಬೋರ್ಡಿಗೇ ಕುಂಕುಮ ಹಚ್ಚಿದರು. ಕೊನೆಗೆ ಆ ಬುಸ್ ಅಂದ ನಾಗಪ್ಪನನ್ನೇ ಹೊರಗೆ ಬೇವಿನ ಮರದ ಕೆಳಗೆ ಕೂರಿಸಿದೆ. ಪಂಚಮಿಗೆ ಓಣಿಯ ಹೆಂಗಸರೆಲ್ಲ ಅಲ್ಲೇ ಹಾಲೆರೆಯುತ್ತಾರೆ, ನಮಗೂ ಉಂಡಿ ಸಿಗುತ್ತವೆ. ಒಳಗಿನ ಕಲ್ಲು ಒಣಗಿ ಸ್ವಚ್ಛವಾಗಿವೆ.

ಬರುವವರಿಗೆ ಇಷ್ಟು ಹೇಳುತ್ತೇನೆ. ಅಮಾವಾಸ್ಯೆಯ ಆಸುಪಾಸು ಬಂದರೆ ಒಳ್ಳೆಯದು, ಹುಣ್ಣಿಮೆಗೆ ಅರ್ಧ ಮಜಾ ಹೋಗುತ್ತದೆ. ಮೊದಲ ಮಳೆ ಬಿದ್ದ ಹತ್ತು ಹದಿನೈದು ದಿನ ಬರಬೇಡಿ. ಈಸಲು ಹುಳ ಎದ್ದು ದೀಪಕ್ಕೆಲ್ಲ ಮುತ್ತುತ್ತವೆ, ಅವನ್ನು ತಿನ್ನಲು ಹಲ್ಲಿಗಳು ವೀರರ ಮುಖದ ಮೇಲೆಲ್ಲ ಓಡಾಡುತ್ತವೆ. ಆಗ ನಾವೇ ಬಾಗಿಲು ಹಾಕಿರುತ್ತೇವೆ.