ಮುಳುಗುತ್ತಿದ್ದ ಗುಳ್ಳೆಗಳು ತೇಲಿದ್ದು ಹೇಗೆ

ಅಲ್ಟ್ರಾಸೌಂಡ್ ಚಿಕಿತ್ಸೆಗೆಂದು ನಾನು ತಯಾರಿಸುತ್ತಿದ್ದ, ಪಿಎಲ್‌ಜಿಎ ಎಂಬ, ದೇಹದಲ್ಲಿ ನಿಧಾನವಾಗಿ ಕರಗಿಹೋಗುವ ಪಾಲಿಮರ್‌ನ ಸೂಕ್ಷ್ಮ ಗುಳ್ಳೆಗಳು ಮೂರು ವಾರ ನನ್ನನ್ನು ಸತಾಯಿಸಿದವು. ಸೂಕ್ಷ್ಮದರ್ಶಕದಲ್ಲಿ ದುಂಡಗೆ, ಚೆಂದವಾಗಿ ಕಾಣುತ್ತಿದ್ದವು. ನೀರಿಗೆ ಹಾಕಿದರೆ ತಳ ಸೇರುತ್ತಿದ್ದವು. ಒಳಗೆ ಅನಿಲವಿದ್ದರೆ ತೇಲಬೇಕು. ಅನಿಲವೇ ಇಲ್ಲದಿದ್ದರೆ ಅಲ್ಟ್ರಾಸೌಂಡಿಗೆ ಅವು ಕಂಪಿಸುವುದಾದರೂ ಹೇಗೆ?

ಮೊದಲು ಕಲಕುವ ವೇಗವನ್ನು ದೂರಿದೆ, ನಂತರ ಪಾಲಿಮರ್ ಪ್ರಮಾಣವನ್ನು. ಎರಡೂ ಕಾರಣವಾಗಿರಲಿಲ್ಲ. ಒಂದು ಬೆಳಿಗ್ಗೆ ಒಣಗಿದ ಪುಡಿಯ ಸೀಸೆ ತೆರೆದಾಗ, ಮಂಗಳಾರತಿ ತಟ್ಟೆ ಹತ್ತಿರ ಬಂದಂತೆ ಕರ್ಪೂರದ ವಾಸನೆ ಮೂಗಿಗೆ ಬಡಿಯಿತು. ತಪ್ಪು ಅಲ್ಲೇ ಇತ್ತು! ಗುಳ್ಳೆಯೊಳಗೆ ಟೊಳ್ಳು ಉಂಟುಮಾಡಲೆಂದೇ ಕರ್ಪೂರ ಮತ್ತು ಅಮೋನಿಯಂ ಕಾರ್ಬೊನೇಟ್ ಸೇರಿಸುತ್ತೇವೆ. ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವಾಗ ಅವೆರಡೂ ಆವಿಯಾಗಿ ಹೊರಟುಹೋಗಬೇಕು. ನಾನು ಒಂದೇ ರಾತ್ರಿಗೆ ಯಂತ್ರ ನಿಲ್ಲಿಸುತ್ತಿದ್ದೆ.

ಈಗ −80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಹೆಪ್ಪುಗಟ್ಟಿಸಿ, 48 ಗಂಟೆ ಒಣಗಿಸುತ್ತೇನೆ. ಆಮೇಲೆ ಸೀಸೆಗೆ ಗಾಳಿಯ ಬದಲು ಪರ್‌ಫ್ಲೋರೋಬ್ಯುಟೇನ್ ತುಂಬುತ್ತೇನೆ. ಈ ಅನಿಲ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಹಾಗಾಗಿ ಗುಳ್ಳೆ ಹೆಚ್ಚು ಹೊತ್ತು ಬಾಳುತ್ತದೆ. ನಿನ್ನೆಯ ಸೀಸೆಯಲ್ಲಿ, ಕಾಸಿದ ಹಾಲಿನ ಕೆನೆಯಂತೆ, ಬಿಳಿ ಪದರ ಮೇಲೆ ಕಟ್ಟಿ ನಿಂತಿತ್ತು.