ಹೊಸ ದೇಶದ ಮೊದಲ ನಾಣ್ಯ: ಮಾದರಿ ಮಾಡುವ ಬಗೆ

ಹಾಸನದ ಶಾಲೆಗಳಲ್ಲಿ ಮಾದರಿ ನಾಣ್ಯ ಮಾಡಿಸುವವರು ಮಕ್ಕಳಿಗೆ ಮೊದಲು 1950ರ ಆಗಸ್ಟ್ 15ರಂದು ಬಂದ ನಮ್ಮ ನಾಣ್ಯಗಳನ್ನು ತೋರಿಸಿ. ಬ್ರಿಟಿಷ್ ದೊರೆಯ ತಲೆ ಇದ್ದಲ್ಲಿ ಅಶೋಕ ಸ್ತಂಭದ ಸಿಂಹಗಳು, ರೂಪಾಯಿಗೆ ತೆನೆ, ಆಣೆಗಳಿಗೆ ಗೂಳಿ, ಪೈಸೆಗೆ ಕುದುರೆ. ಎರಡಾಣೆ ಚೌಕ, ಒಂದಾಣೆಗೆ ಅಲೆಯಂಚು. ಯಾವ ನಾಣ್ಯವೆಂದು ಕತ್ತಲಲ್ಲೂ ಬೆರಳಿಗೆ ಗೊತ್ತಾಗಬೇಕು.

ಚಿತ್ರವನ್ನು 20 ಸೆಂ.ಮೀ. ವೃತ್ತದಲ್ಲಿ ಬರೆದು, 28 ಮಿ.ಮೀ.ಗೆ ಕುಗ್ಗಿಸಿ ನೋಡಿ. ಆ ಅಳತೆಯಲ್ಲಿ ಕಾಣದ ಗೆರೆ ಬೇಡ. ಆಮೇಲೆ ಪ್ಲಾಸ್ಟರ್‌ನಲ್ಲಿ ಕೆತ್ತಿಸಿ. ಹಳೇಬೀಡಿನ ಶಿಲ್ಪದ ಸೊಬಗು ಎಷ್ಟೇ ಸೆಳೆದರೂ ಹಾಗೆ ಉಬ್ಬಿನ ಅಡಿಗೆ ಒಳಕ್ಕೆ ಕೊರೆಯಬೇಡಿ, ಅಚ್ಚು ಕಚ್ಚಿಕೊಳ್ಳುತ್ತದೆ. ಉಬ್ಬಿನ ಬದಿ ಇಳಿಜಾರಾಗಿರಲಿ. ಅಂಚು ಚಿತ್ರಕ್ಕಿಂತ ತುಸು ಎತ್ತರವಿರಲಿ, ಇಲ್ಲದಿದ್ದರೆ ಚಿತ್ರವೇ ಮೊದಲು ಸವೆಯುತ್ತದೆ. ಎರಡೂ ಮುಖದ ಎತ್ತರದ ಭಾಗಗಳು ಬೆನ್ನಿಗೆ ಬೆನ್ನು ಬಂದರೆ ಟಂಕಿಸುವಾಗ, ಅಂದರೆ ಲೋಹದ ಮೇಲೆ ಅಚ್ಚು ಒತ್ತುವಾಗ, ಲೋಹ ಸಾಲದೆ ಚಿತ್ರ ಮಸುಕಾಗುತ್ತದೆ. ಒಂದನ್ನು ಪಕ್ಕಕ್ಕೆ ಸರಿಸಿ.