ನಾಗರಿಕ ಸೇವಾ ಪರೀಕ್ಷೆಯ ಇಂಗ್ಲಿಷ್: ಕನ್ನಡ ಮಾಧ್ಯಮದ ಅಭ್ಯರ್ಥಿ ಪದಗಳನ್ನೂ ಗದ್ಯಭಾಗಗಳನ್ನೂ ಓದಬೇಕಾದ ಬಗೆ

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮೇನ್ಸ್, ಅಂದರೆ ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಆದರೆ ಅಲ್ಲಿಗೆ ತಲುಪುವ ಮೊದಲು ಇಂಗ್ಲಿಷನ್ನು ತಪ್ಪಿಸಿಕೊಳ್ಳಲಾಗದ ಘಟ್ಟಗಳಿವೆ. ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತವೆ. ಆದ್ದರಿಂದ 2011ರಲ್ಲಿ ಜಾರಿಗೆ ಬಂದ ಸಿ-ಸ್ಯಾಟ್, ಅಂದರೆ ಪ್ರಿಲಿಮ್ಸ್‌ನ ಎರಡನೆಯ ಪತ್ರಿಕೆ, ಗ್ರಹಿಕೆ, ತರ್ಕ, ಮೂಲ ಗಣಿತ ಮುಂತಾದ ಸಾಮರ್ಥ್ಯಗಳನ್ನು ಪರೀಕ್ಷಿಸಲೆಂದು ರೂಪುಗೊಂಡಿದ್ದರೂ, ಹಿಂದಿ ಬಾರದ ಕನ್ನಡಿಗರಿಗೆ ಅದು ಇಂಗ್ಲಿಷ್ ಓದಿನ ಪರೀಕ್ಷೆಯೂ ಆಗುತ್ತದೆ. ಈ ಪತ್ರಿಕೆಯಲ್ಲಿ 80 ಪ್ರಶ್ನೆ, 200 ಅಂಕ, ಎರಡು ಗಂಟೆ ಕಾಲ. 2015ರಿಂದ ಇದು ಅರ್ಹತಾ ಪತ್ರಿಕೆಯಾಗಿದ್ದು, ಶೇ 33, ಅಂದರೆ 66 ಅಂಕ ಬಂದರೆ ಸಾಕು. ಮೇನ್ಸ್‌ನಲ್ಲಿ 300 ಅಂಕಗಳ ಕಡ್ಡಾಯ ಇಂಗ್ಲಿಷ್ ಪತ್ರಿಕೆಯಿದೆ, ಅದಕ್ಕೆ ಶೇ 25 ಬೇಕು. ನಮ್ಮ ರಾಜ್ಯದ ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಮೇನ್ಸ್‌ನಲ್ಲಿಯೂ 150 ಅಂಕಗಳ ಕಡ್ಡಾಯ ಇಂಗ್ಲಿಷ್ ಇದ್ದು, ಅದರಲ್ಲಿ ಶೇ 35 ಪಡೆಯಬೇಕು. ಇವುಗಳ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಆದರೆ ಇವುಗಳಲ್ಲಿ ಸೋತರೆ ಉಳಿದ ಪತ್ರಿಕೆಗಳಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಆ ಅಂಕಗಳು ಲೆಕ್ಕಕ್ಕೆ ಬರುವುದಿಲ್ಲ. ಅರ್ಹತಾ ಪತ್ರಿಕೆ ತಾನೇ ಎಂದು ಕೊನೆಯ ತಿಂಗಳಿಗೆ ಮುಂದೂಡಿದ ಅಭ್ಯರ್ಥಿಗಳು ಪಟ್ಟ ಪಾಡನ್ನು ಹತ್ತಿರದಿಂದ ನೋಡಿರುವುದರಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಈ ಪತ್ರಿಕೆಗಳು ಕೇಳುವುದು ಒಂದೇ ಬಗೆಯ ಇಂಗ್ಲಿಷನ್ನಲ್ಲ. ಸಿ-ಸ್ಯಾಟ್‌ನಲ್ಲಿ ಸಮಾನಾರ್ಥಕ ಪದ ಯಾವುದು ಎಂಬಂಥ ಪ್ರಶ್ನೆ ಬರುವುದಿಲ್ಲ. ಗದ್ಯಭಾಗವನ್ನು ಕೊಟ್ಟು ಅದರ ತಿರುಳೇನು, ಅದರಿಂದ ಯಾವ ತೀರ್ಮಾನಕ್ಕೆ ಬರಬಹುದು, ಅದರ ಹಿಂದಿರುವ ಊಹೆ ಯಾವುದು ಎಂದು ಕೇಳುತ್ತಾರೆ. ಮೇನ್ಸ್‌ನ ಇಂಗ್ಲಿಷ್ ಪತ್ರಿಕೆಯಲ್ಲಾದರೋ ಪ್ರಬಂಧಕ್ಕೆ 100, ಗದ್ಯಭಾಗದ ಪ್ರಶ್ನೆಗಳಿಗೆ 75, ಸಂಕ್ಷೇಪ ಲೇಖನಕ್ಕೆ 75 ಮತ್ತು ವ್ಯಾಕರಣ ಹಾಗೂ ಪದಬಳಕೆಗೆ 50 ಅಂಕಗಳಿರುತ್ತವೆ. ಎರಡಕ್ಕೂ ಅಡಿಪಾಯ ಒಂದೇ: ವಾಕ್ಯದೊಳಗೆ ಪದ ಏನು ಮಾಡುತ್ತಿದೆ ಎಂಬುದನ್ನು ಕಾಣುವ ಅಭ್ಯಾಸ.

ಒಬ್ಬ ಅಭ್ಯರ್ಥಿ ಒಮ್ಮೆ ನನಗೆ ತೋರಿಸಿದ ನೋಟ್‌ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ ಎಂಬಂತೆ ಪುಟಗಟ್ಟಲೆ ಪಟ್ಟಿಯಿತ್ತು, ಅಕ್ಷರ ಮುತ್ತಿನಂತಿತ್ತು. ಅದರಲ್ಲಿ 'ಸ್ಯಾಂಕ್ಷನ್' ಎಂಬ ಪದದ ಮುಂದೆ 'ಮಂಜೂರಾತಿ' ಎಂದು ಬರೆದಿತ್ತು. ಲೋನ್ ಸ್ಯಾಂಕ್ಷನ್ ಆಯಿತು, ಹುದ್ದೆ ಸ್ಯಾಂಕ್ಷನ್ ಆಯಿತು ಎಂದು ನಾವು ದಿನವೂ ಆಡುವ ಮಾತಿನಲ್ಲಿ ಆ ಅರ್ಥ ಸರಿಯೇ. ಆದರೆ ಒಂದು ದೇಶದ ಮೇಲೆ 'ಸ್ಯಾಂಕ್ಷನ್ಸ್' ಹೇರಲಾಯಿತು ಎಂಬ ವಾಕ್ಯದಲ್ಲಿ ಅದು ನಿರ್ಬಂಧ, ದಂಡನೆ. ಮಂಜೂರಾತಿ ಎಂದು ಓದಿಕೊಂಡವರಿಗೆ ಇಡೀ ಗದ್ಯಭಾಗ ತಲೆಕೆಳಗಾಗಿ ಕಾಣುತ್ತದೆ. 'ಓವರ್‌ಸೈಟ್' ಎಂದರೆ ಒಂದು ಕಡೆ ಮೇಲ್ವಿಚಾರಣೆ, ಇನ್ನೊಂದು ಕಡೆ ಕಣ್ತಪ್ಪಿನಿಂದಾದ ಲೋಪ. 'ಕ್ವಾಲಿಫೈಡ್' ಎಂದೊಡನೆ ನಮ್ಮ ಮನಸ್ಸಿಗೆ ಅರ್ಹತೆ ಬರುತ್ತದೆ. ಆದರೆ ಸಮಿತಿಯು ಪ್ರಸ್ತಾವಕ್ಕೆ 'ಕ್ವಾಲಿಫೈಡ್ ಸಪೋರ್ಟ್' ನೀಡಿತು ಎಂದರೆ ಷರತ್ತುಗಳೊಂದಿಗೆ, ಹಿಂಜರಿಕೆಯೊಂದಿಗೆ ಬೆಂಬಲಿಸಿತು ಎಂದರ್ಥ. 'ಡಿಸ್‌ಇಂಟರೆಸ್ಟೆಡ್' ಎಂಬುದಕ್ಕೆ ಪರೀಕ್ಷೆ ಬಯಸುವ ಅರ್ಥ ನಿಷ್ಪಕ್ಷಪಾತ, ಸ್ವಾರ್ಥವಿಲ್ಲದ ಎಂದೇ ಹೊರತು ಆಸಕ್ತಿಯಿಲ್ಲದ ಎಂದಲ್ಲ. ನನ್ನ ಅನುಭವದಲ್ಲಿ ಕನ್ನಡ ಮಾಧ್ಯಮದವರನ್ನು ಹೆಚ್ಚು ಎಡವಿಸುವುದು ಗೊತ್ತಿಲ್ಲದ ಪದಗಳಲ್ಲ, ಗೊತ್ತಿದೆ ಎಂದುಕೊಂಡ ಇಂಥ ಪದಗಳು.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪದವನ್ನು ಒಂಟಿಯಾಗಿ ಬರೆಯಬೇಡಿ. ಅದು ಸಿಕ್ಕಿದ ವಾಕ್ಯವನ್ನು ಪೂರ್ತಿ ಬರೆದುಕೊಳ್ಳಿ, ಆ ವಾಕ್ಯದಲ್ಲಿ ಅದಕ್ಕಿರುವ ಅರ್ಥವನ್ನು ಕನ್ನಡದಲ್ಲಿ ಬರೆಯಿರಿ, ಅದರ ಹಿಂದೆ ಮುಂದೆ ಬಂದ ವಿಭಕ್ತಿಸೂಚಕ ಪದ, ಅಂದರೆ ಪ್ರಿಪೊಸಿಷನ್ ಯಾವುದು ಎಂಬುದಕ್ಕೆ ಅಡಿಗೆರೆ ಎಳೆಯಿರಿ, ಕೊನೆಗೆ ನಿಮ್ಮದೇ ಒಂದು ವಾಕ್ಯವನ್ನು ಸೇರಿಸಿ. ದಿನಕ್ಕೆ ಐದಾರು ಪದ ಸಾಕು. ಮರುದಿನ, ಒಂದು ವಾರದ ಬಳಿಕ, ಒಂದು ತಿಂಗಳ ಬಳಿಕ ಅರ್ಥವನ್ನು ಕೈಯಿಂದ ಮುಚ್ಚಿ ವಾಕ್ಯವನ್ನಷ್ಟೇ ಓದಿ, ಅರ್ಥ ತಾನಾಗಿ ಹೊಳೆಯುತ್ತದೆಯೇ ಎಂದು ನೋಡಿಕೊಳ್ಳಿ. ಹೊಳೆಯದ ಪದ ಮತ್ತೆ ಮೊದಲ ದಿನದ ಪಟ್ಟಿಗೆ ಸೇರಲಿ.

ಪದಗಳ ಒಳರಚನೆಯನ್ನು ಅರಿಯುವುದಕ್ಕೆ ಕನ್ನಡ ಶಾಲೆಯಲ್ಲಿ ಕಲಿತದ್ದೇ ನೆರವಾಗುತ್ತದೆ. ಹಾರ ಎಂಬುದಕ್ಕೆ ಉಪಸರ್ಗಗಳು ಸೇರಿ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಆಗುವುದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಇಂಗ್ಲಿಷಿಗೆ ಲ್ಯಾಟಿನ್ನಿನಿಂದ ಬಂದ ಪದಗಳು ನಡೆಯುವುದೂ ಹೀಗೆಯೇ. 'ಪೋಸ್' ಎಂಬ ಭಾಗಕ್ಕೆ ಇಡು ಎಂಬ ಅರ್ಥವನ್ನು ಹಿಡಿದುಕೊಂಡರೆ 'ಪ್ರಪೋಸ್' ಮುಂದಿಡು, 'ಎಕ್ಸ್‌ಪೋಸ್' ಬಯಲಿಗಿಡು, 'ಇಂಪೋಸ್' ಮೇಲೆ ಹೇರು, 'ಡಿಪೋಸ್' ಪದವಿಯಿಂದ ಕೆಳಗಿಳಿಸು ಎಂದು ಒಂದರ ಕೈ ಹಿಡಿದು ಇನ್ನೊಂದು ಬರುತ್ತದೆ. ಆದರೆ ಈ ದಾರಿಯನ್ನು ಕುರುಡಾಗಿ ನಂಬಬಾರದು. 'ಇನ್' ಬಂದಲ್ಲೆಲ್ಲ ಇಲ್ಲ ಎಂಬ ಅರ್ಥವನ್ನೇ ಹಚ್ಚಿದರೆ 'ಇನ್‌ವ್ಯಾಲ್ಯುಯೇಬಲ್' ಬೆಲೆಯಿಲ್ಲದ್ದು ಎಂದಾಗಿಬಿಡುತ್ತದೆ. ಅದರ ಅರ್ಥವಾದರೋ ಬೆಲೆ ಕಟ್ಟಲಾಗದಷ್ಟು ಅಮೂಲ್ಯವಾದದ್ದು.

ಮೇನ್ಸ್ ಪತ್ರಿಕೆಗೆ ಸಿದ್ಧರಾಗುವವರು ಕಾಗುಣಿತಕ್ಕೂ ಗಮನ ಕೊಡಬೇಕು. ನಮ್ಮ ಲಿಪಿಯಲ್ಲಿ ಆಡಿದಂತೆ ಬರೆಯುವುದರಿಂದ ನಾವು ಕಿವಿಯನ್ನು ನಂಬುತ್ತೇವೆ. 'ಪ್ರಿನ್ಸಿಪಲ್' ಎಂದು ಕನ್ನಡದಲ್ಲಿ ಒಂದೇ ರೀತಿ ಬರೆಯುವ ಪದ ಇಂಗ್ಲಿಷಿನಲ್ಲಿ ಎರಡು: ಎ, ಎಲ್ ಎಂದು ಮುಗಿದರೆ ಮುಖ್ಯ ಅಥವಾ ಪ್ರಾಂಶುಪಾಲ, ಎಲ್, ಇ ಎಂದು ಮುಗಿದರೆ ತತ್ತ್ವ. 'ಸ್ಟೇಷನರಿ', 'ಕಾಂಪ್ಲಿಮೆಂಟ್' ಮುಂತಾದ ಜೋಡಿಗಳೂ ಇಂಥವೇ. ಇವುಗಳನ್ನು ಕಣ್ಣಿನಿಂದ ನೋಡಿ, ಕೈಯಿಂದ ಬರೆದೇ ಕಲಿಯಬೇಕು.

ಇನ್ನು ವಾಕ್ಯ. ಪದಗಳೆಲ್ಲ ಗೊತ್ತಿದ್ದರೂ ವಾಕ್ಯ ಅರ್ಥವಾಗಲಿಲ್ಲ ಎಂಬ ದೂರನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಅದಕ್ಕೆ ಕಾರಣ ಅಭ್ಯರ್ಥಿಯ ಬುದ್ಧಿಯಲ್ಲಿಲ್ಲ, ಎರಡು ಭಾಷೆಗಳ ಕಟ್ಟಿನಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ; ಎಲ್ಲಿ, ಯಾರಿಗೆ, ಯಾವ ಷರತ್ತಿನಲ್ಲಿ ಎಂಬುದೆಲ್ಲ ಅದಕ್ಕೂ ಮೊದಲೇ ಬಂದಿರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬಂದುಬಿಡುತ್ತದೆ, ವಿವರಗಳು ಆಮೇಲೆ ಬಾಲದಂತೆ ಬೆಳೆಯುತ್ತವೆ. ಸಂವಿಧಾನದ 14ನೇ ಅನುಚ್ಛೇದವನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಪಾಠದಲ್ಲಿ 'ದ ಸ್ಟೇಟ್' ಎಂಬ ಕರ್ತೃ ಬಂದ ಕೂಡಲೇ 'ಶಲ್ ನಾಟ್ ಡಿನೈ' ಎಂಬ ಕ್ರಿಯೆ ಬರುತ್ತದೆ; ಯಾರಿಗೆ, ಏನನ್ನು ಎಂಬುದು ಅನಂತರ; ಭಾರತದ ಕ್ಷೇತ್ರದೊಳಗೆ ಎಂಬುದು ಎಲ್ಲಕ್ಕಿಂತ ಕೊನೆಗೆ. ಅದನ್ನೇ ಕನ್ನಡದಲ್ಲಿ ಹೇಳಿದಾಗ ಭಾರತದ ಕ್ಷೇತ್ರದೊಳಗೆ ಎಂಬುದು ಮೊದಲಿಗೆ ಸರಿಯುತ್ತದೆ, ನಿರಾಕರಿಸಬಾರದು ಎಂಬುದು ಕೊನೆಯಲ್ಲಿ ಕೂರುತ್ತದೆ. ಸಂವಿಧಾನದ ಕನ್ನಡ ಪಾಠವನ್ನೂ ಇಂಗ್ಲಿಷ್ ಪಾಠವನ್ನೂ ಅಕ್ಕಪಕ್ಕ ಇಟ್ಟುಕೊಂಡು ದಿನಕ್ಕೊಂದು ಅನುಚ್ಛೇದವನ್ನು ಹೀಗೆ ಬಿಡಿಸಿ ನೋಡಿದರೆ ಇಂಗ್ಲಿಷ್ ವಾಕ್ಯದ ನಡೆ ಕೈಗೆ ಹತ್ತುತ್ತದೆ, ಸಾಮಾನ್ಯ ಅಧ್ಯಯನದ ಪಾಠವೂ ಅದರ ಜೊತೆಗೇ ಸಾಗುತ್ತದೆ.

ಉದ್ದನೆಯ ವಾಕ್ಯ ಎದುರಾದಾಗ ಮೊದಲು ಕರ್ತೃ ಮತ್ತು ಮುಖ್ಯ ಕ್ರಿಯಾಪದವನ್ನು ಹುಡುಕಿ. ಎರಡು ಅಲ್ಪವಿರಾಮಗಳ ನಡುವಿನ ಮಾತನ್ನು ತಾತ್ಕಾಲಿಕವಾಗಿ ಬದಿಗಿಡಿ. ಬಳಿಕ ವಾಕ್ಯದ ದಿಕ್ಕನ್ನೇ ತಿರುಗಿಸುವ ಸಣ್ಣ ಪದಗಳತ್ತ ನೋಡಿ. 'ಫ್ಯೂ' ಎಂದರೆ ಇಲ್ಲವೆನ್ನುವಷ್ಟು ಕಡಿಮೆ, 'ಎ ಫ್ಯೂ' ಎಂದರೆ ಕೆಲವು. 'ನಥಿಂಗ್ ಬಟ್' ಎಂದರೆ ಅದೇ ಹೊರತು ಬೇರೇನಲ್ಲ, 'ಎನಿಥಿಂಗ್ ಬಟ್' ಎಂದರೆ ಅದಂತೂ ಅಲ್ಲವೇ ಅಲ್ಲ. 'ಅನ್‌ಲೆಸ್', 'ಲೆಸ್ಟ್', 'ಆಲ್ಬೀಟ್', 'ನಾಟ್‌ವಿತ್‌ಸ್ಟ್ಯಾಂಡಿಂಗ್' ಇವು ಮೂವತ್ತು ನಲವತ್ತಕ್ಕಿಂತ ಹೆಚ್ಚಿಲ್ಲದ ಒಂದು ಗುಂಪು. ಸಾವಿರ ಅಪರೂಪದ ಪದಗಳಿಗಿಂತ ಈ ಗುಂಪಿನ ಮೇಲೆ ಹಿಡಿತ ಸಾಧಿಸುವುದು ಸಿ-ಸ್ಯಾಟ್‌ನಲ್ಲಿ ಹೆಚ್ಚು ಅಂಕ ತರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಿ-ಸ್ಯಾಟ್‌ನ ಗದ್ಯಭಾಗಗಳ ಮೇಲ್ಗಡೆ, ಉತ್ತರಗಳು ಗದ್ಯಭಾಗವನ್ನು ಮಾತ್ರ ಆಧರಿಸಿರಬೇಕು ಎಂಬ ಸೂಚನೆ ಇರುತ್ತದೆ. ಎಲ್ಲರೂ ಅದನ್ನು ಓದುತ್ತಾರೆ, ಪಾಲಿಸುವವರು ಕಡಿಮೆ. ಒಂದು ಉದಾಹರಣೆಯನ್ನು ನಾನೇ ಕಟ್ಟಿ ಕೊಡುತ್ತೇನೆ. ಗದ್ಯಭಾಗ ಹೀಗಿದೆ ಎಂದುಕೊಳ್ಳಿ: ಕೆರೆಯ ಹೂಳು ತೆಗೆದರೆ ನೀರು ನಿಲ್ಲುವ ಜಾಗ ಹೆಚ್ಚುತ್ತದೆ, ಆದರೆ ಕೆರೆಗೆ ನೀರು ತರುವ ಕಾಲುವೆಗಳು ಮುಚ್ಚಿಹೋಗಿದ್ದರೆ ಹೂಳು ತೆಗೆದ ಕೆರೆಯೂ ಬರಿದಾಗಿಯೇ ಉಳಿಯುತ್ತದೆ. ಇದರಿಂದ ಬರಬಹುದಾದ ಅತ್ಯಂತ ತರ್ಕಬದ್ಧ ತೀರ್ಮಾನ ಯಾವುದು? ಹೂಳು ತೆಗೆಯುವುದು ವ್ಯರ್ಥ ಎಂಬುದು ಒಂದು ಆಯ್ಕೆ. ಒತ್ತುವರಿಯಿಂದಾಗಿ ಕಾಲುವೆಗಳು ಮುಚ್ಚಿವೆ ಎಂಬುದು ಎರಡನೆಯದು. ಕೆರೆಯ ಪುನಶ್ಚೇತನವನ್ನು ಕೆರೆಯ ಅಂಗಳಕ್ಕಷ್ಟೇ ಸೀಮಿತಗೊಳಿಸಿದರೆ ಸಾಲದು ಎಂಬುದು ಮೂರನೆಯದು. ಕಾಲುವೆಗಳ ದುರಸ್ತಿಗೆ ಸರ್ಕಾರ ಹಣ ಒದಗಿಸಬೇಕು ಎಂಬುದು ನಾಲ್ಕನೆಯದು.

ಮೊದಲನೆಯದು ಗದ್ಯಭಾಗದ ಮಾತನ್ನು ಅದರ ಎಲ್ಲೆ ಮೀರಿ ಎಳೆದಿದೆ; ಜಾಗ ಹೆಚ್ಚುತ್ತದೆ ಎಂದು ಲೇಖಕರೇ ಒಪ್ಪಿದ್ದಾರೆ. ಎರಡನೆಯದು ನಮ್ಮ ಊರುಗಳಲ್ಲಿ ಕಣ್ಣಾರೆ ಕಂಡ ಸತ್ಯವಾಗಿರಬಹುದು, ಹಾಗಾಗಿಯೇ ಅದು ಬಹಳ ಸೆಳೆಯುತ್ತದೆ. ಆದರೆ ಒತ್ತುವರಿಯ ಮಾತು ಗದ್ಯಭಾಗದಲ್ಲಿಲ್ಲ. ನಾಲ್ಕನೆಯದು ಒಳ್ಳೆಯ ಸಲಹೆ, ಆದರೆ ಯಾರು ಹಣ ಕೊಡಬೇಕೆಂಬುದರ ಸುಳಿವೂ ಅಲ್ಲಿಲ್ಲ. ಉಳಿಯುವುದು ಮೂರನೆಯದು. ಸಾಮಾನ್ಯ ಅಧ್ಯಯನವನ್ನು ಚೆನ್ನಾಗಿ ಓದಿಕೊಂಡವರೇ ಎರಡನೆಯ ಮತ್ತು ನಾಲ್ಕನೆಯ ಆಯ್ಕೆಗಳಿಗೆ ಬಲಿಯಾಗುವುದು ಹೆಚ್ಚು, ಏಕೆಂದರೆ ಅವರ ತಲೆಯಲ್ಲಿರುವ ವಿಷಯ ಗದ್ಯಭಾಗದೊಳಗೆ ನುಸುಳಿಬಿಡುತ್ತದೆ. ಇದೇ ಗದ್ಯಭಾಗದ ಹಿಂದಿರುವ ಊಹೆ ಯಾವುದು ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ: ಕೆರೆ ತುಂಬುವುದಕ್ಕೆ ಕಾಲುವೆಗಳ ನೀರೇ ಮುಖ್ಯ ಆಧಾರ ಎಂಬುದನ್ನು ಲೇಖಕರು ಹೇಳದೆಯೇ ಒಪ್ಪಿಕೊಂಡಿದ್ದಾರೆ. ಅದನ್ನು ಕಿತ್ತುಹಾಕಿದರೆ ಅವರ ವಾದ ಕುಸಿಯುತ್ತದೆ. ಊಹೆ ವಾದದ ಅಡಿಯಲ್ಲಿರುತ್ತದೆ, ತೀರ್ಮಾನ ವಾದದಿಂದ ಹೊರಡುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವಾಗ ಸರಿಯುತ್ತರವನ್ನು ಗುರುತಿಸಿ ಮುಂದೆ ಸಾಗಬೇಡಿ. ಉಳಿದ ಮೂರು ಏಕೆ ತಪ್ಪು ಎಂಬುದನ್ನು ಒಂದೊಂದು ವಾಕ್ಯದಲ್ಲಿ ಕನ್ನಡದಲ್ಲೇ ಬರೆಯಿರಿ. ಪ್ರಶ್ನೆಪತ್ರಿಕೆಗಳೂ ಅಧಿಕೃತ ಕೀ ಉತ್ತರಗಳೂ ಆಯೋಗದ ಜಾಲತಾಣದಲ್ಲೇ ಸಿಗುತ್ತವೆ.

ಸಿ-ಸ್ಯಾಟ್‌ನ ಅಂಕಗಳ ಲೆಕ್ಕವನ್ನೂ ಮನಸ್ಸಿನಲ್ಲಿಡಿ. ಸರಿಯುತ್ತರಕ್ಕೆ 2.5 ಅಂಕ, ತಪ್ಪಿಗೆ ಅದರ ಮೂರನೆಯ ಒಂದು ಭಾಗ, ಅಂದರೆ ಸುಮಾರು 0.83 ಕಡಿತ. 32 ಸರಿ, 16 ತಪ್ಪು ಮಾಡಿದವರು 66.67 ಅಂಕ ಪಡೆದು 66ರ ಗೆರೆ ದಾಟುತ್ತಾರೆ. ಅಷ್ಟೇ ಸರಿ ಮಾಡಿ ಇನ್ನೊಂದೇ ಒಂದು ತಪ್ಪು ಮಾಡಿದವರು 65.83ಕ್ಕೆ ನಿಲ್ಲುತ್ತಾರೆ. ಗದ್ಯಭಾಗದಲ್ಲಿ ಎರಡು ಆಯ್ಕೆಗಳ ನಡುವೆ ತೂಗಾಡುವಾಗ ಮತ್ತೊಮ್ಮೆ ಗದ್ಯಕ್ಕೆ ಮರಳಿ ಅದನ್ನು ಸಮರ್ಥಿಸುವ ಪದವನ್ನು ಬೆರಳಿಟ್ಟು ತೋರಿಸಲು ಸಾಧ್ಯವೇ ಎಂದು ನೋಡಿ. ಮೂರನೆಯ ಸಲವೂ ಸಿಗದಿದ್ದರೆ ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಿ. ಗಣಿತದಲ್ಲಿ ಬಲವಿದ್ದವರು ಅಲ್ಲಿಂದ ಆರಂಭಿಸಲಿ. ಇಲ್ಲದವರು ಮನಸ್ಸು ದಣಿಯುವ ಮೊದಲೇ ಗದ್ಯಭಾಗಗಳನ್ನು ಮುಗಿಸಲಿ.

ಮೇನ್ಸ್ ಪತ್ರಿಕೆಯಲ್ಲಿ ಗದ್ಯಭಾಗದ ಪ್ರಶ್ನೆಗಳಿಗೆ ಚಿಕ್ಕ, ಸ್ಪಷ್ಟ ವಾಕ್ಯಗಳಲ್ಲಿ ಉತ್ತರಿಸಿದರೆ ಸಾಕು. ಗದ್ಯದ ವಾಕ್ಯಗಳನ್ನೇ ಎತ್ತಿ ಬರೆಯಬಾರದು. ಸಂಕ್ಷೇಪ ಲೇಖನ ಮೂಲದ ಮೂರನೆಯ ಒಂದು ಭಾಗದಷ್ಟಿರಬೇಕು. ಅದಕ್ಕೆ ನಾನು ಹೇಳಿಕೊಡುವ ದಾರಿ ಹೀಗಿದೆ: ಗದ್ಯವನ್ನು ಎರಡು ಸಲ ಓದಿ, ಅದನ್ನು ಮುಚ್ಚಿಟ್ಟು, ಲೇಖಕರು ಏನು ಹೇಳಿದರೆಂಬುದನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ನಾಲ್ಕು ವಾಕ್ಯಗಳಾಗಿ ಹೇಳಿಕೊಳ್ಳಿ, ಆ ನಾಲ್ಕು ವಾಕ್ಯಗಳಿಗೆ ಸರಳ ಇಂಗ್ಲಿಷ್ ಕೊಡಿ, ಬಿಟ್ಟುಹೋದದ್ದು ಇದೆಯೇ ಎಂದು ಆಮೇಲೆ ಮೂಲಕ್ಕೆ ಹೋಲಿಸಿ. ಕನ್ನಡದ ಮೂಲಕ ಹಾದುಬರುವುದರಿಂದ ಮೂಲದ ಪದಗಳು ಕಳಚಿ ನಿಮ್ಮದೇ ಪದಗಳು ಬರುತ್ತವೆ.

ಇದೇ ಹಾದಿಯಲ್ಲಿ ಒಂದು ಎಚ್ಚರವೂ ಬೇಕು. ಬಗ್ಗೆ ಚರ್ಚಿಸಿದರು ಎಂಬ ಕನ್ನಡದ ನುಡಿ 'ಡಿಸ್ಕಸ್ಡ್ ಅಬೌಟ್' ಎಂಬ ತಪ್ಪನ್ನು ತರುತ್ತದೆ, ವಾಪಸ್ ಹಿಂದಿರುಗಿದರು ಎಂಬುದು 'ರಿಟರ್ನ್ಡ್ ಬ್ಯಾಕ್' ಆಗುತ್ತದೆ. 'ಒನ್ ಆಫ್ ದ' ಎಂದ ಮೇಲೆ ಬಹುವಚನದ ನಾಮಪದ ಬೇಕೆಂಬುದು ಬರೆಯುವ ಭರದಲ್ಲಿ ಮರೆತುಹೋಗುತ್ತದೆ. ತಪ್ಪು ವಾಕ್ಯಗಳನ್ನು ತಿದ್ದುವ ಪ್ರಶ್ನೆಗಳಲ್ಲಿ ಕೇಳುವುದೂ ಇಂಥವನ್ನೇ. ಆದ್ದರಿಂದ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ನಿಮ್ಮದೇ ತಪ್ಪುಗಳಿಗಾಗಿ ಮೀಸಲಿಡಿ.

ಪ್ರತಿದಿನದ ಓದಿಗೆ ಒಂದು ಇಂಗ್ಲಿಷ್ ಪತ್ರಿಕೆಯ ಒಂದೇ ಸಂಪಾದಕೀಯ ಸಾಕು, ಆದರೆ ಅದನ್ನು ಓದಿದ ಬಳಿಕ ಅದರ ತಿರುಳನ್ನು ಎರಡು ವಾಕ್ಯಗಳಲ್ಲಿ ಬರೆಯಲೇಬೇಕು. ಆರಂಭದಲ್ಲಿ ಸಂಪಾದಕೀಯ ಕಷ್ಟವೆನಿಸಿದರೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪ್ರಕಟವಾಗುವ ಕೇಂದ್ರ ಸರ್ಕಾರದ ಯೋಜನಾ ಮಾಸಪತ್ರಿಕೆಯಂಥದ್ದರಲ್ಲಿ ಮೊದಲು ಕನ್ನಡದಲ್ಲಿ ವಿಷಯವನ್ನು ತಿಳಿದುಕೊಂಡು, ಅದೇ ವಿಷಯವನ್ನು ಕುರಿತ ಇಂಗ್ಲಿಷ್ ಲೇಖನಕ್ಕೆ ಹೋಗಿ. ವಿಷಯ ಮೊದಲೇ ಗೊತ್ತಿದ್ದರೆ ಹೊಸ ಪದಗಳ ಅರ್ಥ ಸಂದರ್ಭದಿಂದಲೇ ತಿಳಿಯುತ್ತದೆ, ನಿಘಂಟಿಗೆ ಕೈ ಹಾಕುವುದು ಕಡಿಮೆಯಾಗುತ್ತದೆ. ಎರಡು ಮೂರು ತಿಂಗಳ ಬಳಿಕ ಕನ್ನಡದ ಲೇಖನವನ್ನು ಬದಿಗಿಟ್ಟು ನೇರವಾಗಿ ಇಂಗ್ಲಿಷನ್ನೇ ಓದಿ, ಅನುಮಾನ ಬಂದ ಕಡೆ ಮಾತ್ರ ಕನ್ನಡದ್ದನ್ನು ತೆರೆಯಿರಿ.